ಮಲಗಿದ ಮಲ್ಲಿಗೆ

ಆ ಬೀದಿಯವರು ಗಂಡ ಹೆಂಡತಿ ಇಬ್ಬರಿಗೂ ಸೇರಿಸಿ ಒಂದೇ ಹೆಸರಿಟ್ಟಿದ್ದರು: ಸೂರ್ಯ ಚಂದ್ರ. ಹೊಗಳಿಕೆಯ ಮಾತೇನಲ್ಲ. ಅವನು ರಾತ್ರಿಯೆಲ್ಲ ಬೇಕರಿಯಲ್ಲಿ ಬ್ರೆಡ್ಡು ಬೇಯಿಸಿ ಬೆಳಗಾದ ಮೇಲೆ ಮನೆಗೆ ಬರುವವನು. ಅವಳು ಬೆಳಗಾಗುವ ಮೊದಲೇ ಆಸ್ಪತ್ರೆಯ ಲಾಂಡ್ರಿಗೆ ಹೊರಡುವವಳು. ಅವಳು ಸಂಜೆ ಮನೆ ಮುಟ್ಟುವ ಹೊತ್ತಿಗೆ ಅವನು ಚಪ್ಪಲಿ ಮೆಟ್ಟಿ ನಿಂತಿರುತ್ತಿದ್ದ. "ಹಾಲು ಕಾಯಿಸಿಟ್ಟಿದ್ದೀನಿ", "ಅಮ್ಮನ ಮಾತ್ರೆ ಮುಗೀತು" ಎಂಬಷ್ಟರಲ್ಲೇ ಸಂಸಾರ ಸಾಗಬೇಕು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುವುದು ನಿಜವಾಗಿದ್ದರೆ ಆ ಮನೆಯವರು ಇಷ್ಟು ಹೊತ್ತಿಗೆ ಅರಮನೆ ಕಟ್ಟಿಸಬೇಕಿತ್ತು. ಇದ್ದದ್ದು ಎರಡು ಕೋಣೆಯ ಬಾಡಿಗೆ ಮನೆ, ಹಿಂದೆ ಒಂದು ಸಣ್ಣ ಹಿತ್ತಲು.

ಅವಳ ಕೆಲಸ ಹೀಗೆ. ಒಗೆದ ಹಾಸಿಗೆ ಬಟ್ಟೆಗಳು ಗಾಡಿ ತುಂಬಿ ಬರುತ್ತವೆ. ಒಬ್ಬಳು ಒಂದು ತುದಿ, ಇನ್ನೊಬ್ಬಳು ಇನ್ನೊಂದು ತುದಿ ಹಿಡಿದು ಝಾಡಿಸಬೇಕು, ಬಿಸಿ ಉರುಳೆಗಳ ನಡುವೆ ತೂರಿಸಬೇಕು, ಆಚೆ ಕಡೆ ಬಂದದ್ದನ್ನು ಮಡಿಸಬೇಕು. ಸುಕ್ಕು ಬಿದ್ದರೆ ಮತ್ತೆ ಒದ್ದೆ, ಮತ್ತೆ ಉರುಳೆ. ಸಂಜೆಯಾಗುವಾಗ ಭುಜಗಳು ತನ್ನವೇ ಅಲ್ಲ ಅನ್ನಿಸುತ್ತಿತ್ತು. ಊರಿಗೆ ಊರೇ ಮಲಗುವಷ್ಟು ಹಾಸಿಗೆ ಬಟ್ಟೆ ಅವಳ ಕೈಯಲ್ಲಿ ಹಾದುಹೋಗುತ್ತಿತ್ತು. ಮಲಗುವುದಕ್ಕೆ ಮಾತ್ರ ಅವಳಿಗೆ ಹೊತ್ತಿರಲಿಲ್ಲ. ಮಗಳ ಮದುವೆಯಾದ ಮೇಲಾದರೂ ಸ್ವಲ್ಪ ಉಸಿರು ಬಿಡಬಹುದು ಎಂದುಕೊಂಡಿದ್ದಳು. ಅಷ್ಟರಲ್ಲಿ ಅತ್ತೆಯ ಮಂಡಿ ಕೈಕೊಟ್ಟಿತು.

ಹಿತ್ತಲಿಗೆಲ್ಲ ಸಿಮೆಂಟು ಬಳಿದಿತ್ತು. ಗೋಡೆಯ ಬುಡದಲ್ಲಿ ಒಂದು ಬಾಗಿಲಿನಗಲ ಮಾತ್ರ ಮಣ್ಣು ಉಳಿದಿತ್ತು. ಅಲ್ಲಿತ್ತು ಅವಳ ಮಲ್ಲಿಗೆ ಗಿಡ.

ಅದು ತವರಿನ ಗಿಡ. ಮದುವೆಯಾಗಿ ಬರುವಾಗ ಅವಳ ಅಮ್ಮ ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟಿದ್ದಳು. ಈಗ ಅಮ್ಮನೂ ಇಲ್ಲ, ಆ ಮನೆಯೂ ಇಲ್ಲ. ಅದರ ಮೇಲೆ ಅಗಲವಾದ ರಸ್ತೆ ಬಂದು ಲಾರಿಗಳು ಓಡಾಡುತ್ತಿವೆ. ತವರು ಅಂತ ಅವಳಿಗೆ ಉಳಿದದ್ದು ಈ ಗಿಡವೊಂದೇ. ಇದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡವಳಲ್ಲ. ಹೇಳಿಕೊಳ್ಳುವುದಕ್ಕೂ ತ್ರಾಣ ಬೇಕು.

ಮಲ್ಲಿಗೆಯನ್ನು ನೋಡಿಕೊಳ್ಳುವ ರೀತಿಯನ್ನೂ ಅಮ್ಮನಿಂದಲೇ ಕಲಿತಿದ್ದಳು. ಚಳಿ ಮುಗಿಯುವ ಹೊತ್ತಿಗೆ ಅಮ್ಮ ಗಿಡಕ್ಕೆ ನೀರು ನಿಲ್ಲಿಸುತ್ತಿದ್ದಳು. ಮೊಣಕಾಲೆತ್ತರಕ್ಕೆ ಕತ್ತರಿಸಿ, ಉಳಿದ ಎಲೆಯನ್ನೆಲ್ಲ ಕೈಯಿಂದ ತರಿದು, ಬುಡದ ಮಣ್ಣು ಕೆದಕಿ ಬಿಸಿಲಿಗೆ ಬಿಟ್ಟುಬಿಡುತ್ತಿದ್ದಳು. ಹೀಗೆ ಒಣಗಲು ಬಿಟ್ಟರೆ ಮಾತ್ರ ಬೇಸಿಗೆಯಲ್ಲಿ ಮೊಗ್ಗು. ಒಂದು ಸಲ ಅವಳು, ಆಗಿನ್ನೂ ಸಣ್ಣ ಹುಡುಗಿ, ಬೋಳು ಗಿಡ ನೋಡಿ ಪಾಪ ಅನ್ನಿಸಿ ಚೊಂಬಲ್ಲಿ ನೀರು ತಂದಿದ್ದಳು. ಅಮ್ಮ ಕೈ ಹಿಡಿದು ನಿಲ್ಲಿಸಿದ್ದಳು. "ಮಲಗಿದೆ ಕಣೇ. ಎಬ್ಬಿಸ್ಬೇಡ."

ಆ ಮಾತನ್ನು ಅವಳು ಎಂದೂ ಮೀರಿರಲಿಲ್ಲ. ವರ್ಷ ವರ್ಷವೂ ತಪ್ಪದೆ ಕತ್ತರಿಸಿ ಒಣಗಲು ಬಿಡುತ್ತಿದ್ದಳು, ಬೇಸಿಗೆಯಲ್ಲಿ ಗಿಡವೂ ತಪ್ಪದೆ ಹೂ ಕೊಡುತ್ತಿತ್ತು. ಆದರೆ ಕಳೆದ ಎರಡು ಬೇಸಿಗೆ ಒಂದು ಮೊಗ್ಗಿಲ್ಲ. ಕತ್ತರಿಸಿದ ಬೆನ್ನಿಗೇ ಚಿಗುರು ನುಗ್ಗುತ್ತಿತ್ತು. ಎಲೆಯೆಂದರೆ ಎಲೆ, ಅಂಗೈಯಗಲದ ಎಲೆ. ಬುಡ ಮುಟ್ಟಿದರೆ ತಣ್ಣಗೆ ಒದ್ದೆ. ಬಚ್ಚಲ ನೀರು ಒಸರುತ್ತಿರಬೇಕು ಎಂದು ಒಂದು ಭಾನುವಾರ ಕೂತು ಬಚ್ಚಲ ಬಿರುಕಿಗೆಲ್ಲ ಸಿಮೆಂಟು ಮೆತ್ತಿದಳು. ಬಚ್ಚಲಿಗೆ ಒಳ್ಳೆಯದಾಯಿತು, ಗಿಡಕ್ಕೆ ಏನೂ ಆಗಲಿಲ್ಲ. ಅಮ್ಮನ ಕೈಗುಣ ನನಗೆ ಬರಲಿಲ್ಲ ಎಂದುಕೊಂಡು ಸುಮ್ಮನಾದಳು. ಸುಮ್ಮನಾಗುವುದರಲ್ಲಿ ಆ ಮನೆಯವರನ್ನು ಮೀರಿಸುವವರಿರಲಿಲ್ಲ.

ಮೂರನೆಯ ವರ್ಷ ಕತ್ತರಿಸಿದ ಕೆಲವು ದಿನಕ್ಕೆ ಮನೆಯೊಡತಿ ಬಂದಳು. ಬಿಸಿಲಿರಲಿ ಬಿಡಲಿ ಕೈಯಲ್ಲಿ ಕೊಡೆ ಇಲ್ಲದೆ ಆಕೆ ಹೊರಗೆ ಬಂದದ್ದನ್ನು ಕಂಡವರಿಲ್ಲ. ಹಾಗಾಗಿ ಬಾಡಿಗೆಯವರೆಲ್ಲ ಆಕೆಯನ್ನು ಬೆನ್ನ ಹಿಂದೆ ಕೊಡೆಯಮ್ಮ ಅನ್ನುತ್ತಿದ್ದರು. ಕೊಡೆಯಮ್ಮ ಹಿತ್ತಲಿಗೆ ಬಂದು ಗಿಡವನ್ನು ಕೊಡೆಯ ತುದಿಯಿಂದ ಒಮ್ಮೆ ತಿವಿದಳು. ಕತ್ತರಿಸಿ ಇನ್ನೂ ಎಷ್ಟು ದಿನವಾಗಿತ್ತು, ಆಗಲೇ ದಟ್ಟ ಹಸಿರು.

"ನೋಡಮ್ಮ, ಹೂ ಬಿಡೋ ಗಿಡ ಆಗಿದ್ರೆ ನಾನೇನೂ ಅಂತಿರ್ಲಿಲ್ಲ. ಮಲ್ಲಿಗೆ ಅಂದ್ರೆ ನನಗೂ ಆಸೇನೇ. ಇದೇನಿದು, ಬರೀ ಸೊಪ್ಪು. ಒಂದು ಹಸು ಕಟ್ಟಿದ್ರೆ ಅದಾದ್ರೂ ತಿನ್ನೋದು."

"ಈ ವರ್ಷ ಬಿಡುತ್ತೆ ಅಮ್ಮಾವ್ರೇ" ಎಂದಳು ಅವಳು. ಅವಳಿಗೇ ನಂಬಿಕೆಯಿರಲಿಲ್ಲ.

"ಹೋದ ವರ್ಷಾನೂ ಇದನ್ನೇ ಹೇಳಿದ್ದೆ. ನನಗೆ ನೀರಿನ ಟ್ಯಾಂಕು ಕೂರಿಸ್ಬೇಕು. ಬಚ್ಚಲ ಪಕ್ಕ ಆದ್ರೆ ಕಟ್ಟೆ ಕಟ್ಟಿಸ್ಬೇಕು, ಈ ಜಾಗ ಆದ್ರೆ ಗಿಡ ಕಿತ್ತರೆ ಆಯ್ತು. ಬೇಸಿಗೆ ಮುಗಿಯೋದ್ರೊಳಗೆ ಬರ್ತೀನಿ. ಹೂ ಕಂಡ್ರೆ ಸರಿ, ಇಲ್ದಿದ್ರೆ ಗಾರೆಯವನನ್ನ ಜೊತೇಲೇ ಕರ್ಕೊಂಡು ಬಂದಿರ್ತೀನಿ."

ಕೊಡೆಯಮ್ಮ ಹೋದ ಮೇಲೆ ಅವಳು ಗಿಡದ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಅಳು ಬರಬೇಕಿತ್ತು, ಅದರ ಬದಲು ಆಕಳಿಕೆ ಬಂತು. ಒಳಗೆ ಹೋಗಿ ಅನ್ನಕ್ಕಿಟ್ಟಳು.

ಬೇಸಿಗೆ ಹತ್ತಿರವಾಗುತ್ತಿದ್ದ ಒಂದು ದಿನ ಲಾಂಡ್ರಿಯ ಬಾಯ್ಲರು ಕೆಟ್ಟಿತು. ಹಬೆಯಿಲ್ಲದೆ ಉರುಳೆ ಕಾಯುವುದಿಲ್ಲ. ಮೇಸ್ತ್ರಿ ಎಲ್ಲರನ್ನೂ ಮನೆಗೆ ಕಳಿಸಿದ. ಬೆಳಗಿನ ಬಿಸಿಲಲ್ಲಿ ಬೀದಿಯಲ್ಲಿ ನಡೆಯುವುದೇ ಅವಳಿಗೆ ಹೊಸದಾಗಿತ್ತು. ಕದ್ದು ಬಂದವಳ ಹಾಗೆ ಗೋಡೆಯ ಪಕ್ಕದಲ್ಲೇ ನಡೆದಳು.

ಮನೆಯಲ್ಲಿ ಗಂಡ ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಅತ್ತೆ ಪಕ್ಕದ ಮನೆಗೆ ಹೋಗಿದ್ದಳು. ಗಂಡನ ನಿದ್ದೆ ಕೆಡಿಸುವುದು ಬೇಡವೆಂದು ಅವಳು ಹೊರಕೋಣೆಯಲ್ಲಿ, ಹಿತ್ತಲ ಕಡೆಯ ಕಿಟಕಿಯ ಕೆಳಗೆ, ಚಾಪೆ ಕೂಡ ಹಾಸದೆ ನೆಲಕ್ಕೆ ಮೈಚೆಲ್ಲಿದಳು.

ಎಚ್ಚರವಾದದ್ದು ನೀರಿನ ಸದ್ದಿಗೆ. ಎದ್ದು ಕಿಟಕಿಯಿಂದ ನೋಡಿದಳು. ಗಂಡ, ಕಣ್ಣಿನ್ನೂ ಪೂರ್ತಿ ಬಿಟ್ಟಿಲ್ಲ, ಕೂದಲೆಲ್ಲ ಕೆದರಿದೆ, ಮಲ್ಲಿಗೆಯ ಬುಡಕ್ಕೆ ಬಕೆಟ್ಟು ಬಗ್ಗಿಸುತ್ತಿದ್ದ. ಅರ್ಧ ಅಲ್ಲ, ತುಂಬಿದ ಬಕೆಟ್ಟು. ಮೆಲ್ಲಗೆ, ಮಣ್ಣು ಕೊಚ್ಚಿಹೋಗದ ಹಾಗೆ, ಮಗುವಿಗೆ ನೀರೆರೆಯುವವನ ಥರ ಸುತ್ತಲೂ ಹೊಯ್ದ. ಆಮೇಲೆ ಕೆದಕಿದ ಮಣ್ಣನ್ನು ಕಾಲಿನಿಂದ ಸರಿ ಮಾಡಿ, ಬಕೆಟ್ಟನ್ನು ಮೊದಲಿದ್ದ ಜಾಗದಲ್ಲೇ ಕವುಚಿಟ್ಟು, ಅಡುಗೆಮನೆಯ ಮೂಲಕ ಒಳಕೋಣೆಗೆ ಹೋಗಿ ಮತ್ತೆ ಮಲಗಿದ.

ಅವಳು ಬಾಗಿಲ ಕಡೆ ತಿರುಗುವಷ್ಟರಲ್ಲಿ ಹಿತ್ತಲ ಪಕ್ಕದ ಗೇಟು ಕಿರ್ರೆಂದಿತು. ಅತ್ತೆ. ಒಂದು ಕೈ ಗೋಡೆಗೆ, ಇನ್ನೊಂದು ಕೈಯಲ್ಲಿ ಪಾತ್ರೆ. ಅಡುಗೆಮನೆಯ ಹೊರಗೆ ಎತ್ತಿಟ್ಟಿದ್ದ ಅಕ್ಕಿ ತೊಳೆದ ನೀರು ಅದು. ಮೆಟ್ಟಿಲಿಳಿಯಲು ಡಾಕ್ಟರು ಬೇಡವೆಂದಿದ್ದ ಮಂಡಿಯನ್ನು ಎಳೆದುಕೊಂಡು ಅತ್ತೆ ಗಿಡದ ಹತ್ತಿರ ಹೋಗಿ, ಅತ್ತಿತ್ತ ನೋಡಿ, ಅಷ್ಟನ್ನೂ ಸುರಿದಳು. ಮತ್ತೆ ಹೋಗಿ ಇನ್ನೊಂದು ಪಾತ್ರೆ ತಂದಳು.

ಈಗ ಅವಳಿಗೆ ಸಿಟ್ಟು ಬಂತು. ಎಷ್ಟೋ ವರ್ಷಗಳಿಂದ ಸಿಟ್ಟಿಗೂ ಹೊತ್ತು ಸಿಕ್ಕಿರಲಿಲ್ಲ, ಎಲ್ಲ ಒಟ್ಟಿಗೆ ಬಂತು. ಹಿತ್ತಲ ಬಾಗಿಲನ್ನು ಧಡಾರೆಂದು ತೆಗೆದಳು.

"ಅತ್ತೆ, ಏನ್ ಮಾಡ್ತಿದ್ದೀರಿ?"

ಅತ್ತೆಯ ಕೈಯಿಂದ ಪಾತ್ರೆ ಬಿದ್ದು ಸಿಮೆಂಟಿನ ಮೇಲೆ ಉರುಳಿತು. ಆ ಸದ್ದಿಗೆ ಗಂಡನೂ ಎದ್ದು ಬಂದ.

"ನೀನೇನೇ ಈ ಹೊತ್ತಲ್ಲಿ ಮನೇಲಿ?" ಎಂದ ಅವನು.

"ಅದಿರಲಿ. ಗಿಡಕ್ಕೆ ಯಾಕೆ ನೀರು ಹಾಕಿದ್ರಿ?"

"ನಾನೇನು ಹಾಕಿದೆ? ಅಮ್ಮ ಹಾಕಿದ್ದು" ಎಂದು ಅವನು ನೆಲದ ಮೇಲಿನ ಪಾತ್ರೆ ನೋಡಿದ.

"ಬಕೆಟ್ಟು ಯಾರು ಬಗ್ಗಿಸಿದ್ದು, ಬೆಕ್ಕಾ?"

ಅತ್ತೆ ಮಗನ ಕಡೆ ತಿರುಗಿದಳು. "ನೀನೂ ಹಾಕ್ತಿದ್ಯಾ? ಅದಕ್ಕೇ ಯಾವಾಗ ನೋಡಿದ್ರೂ ಒದ್ದೆ ಇರ್ತಿತ್ತು. ನಾನು ನನ್ನ ಕೈಗುಣ ಅಂದ್ಕೊಂಡಿದ್ದೆ."

ಅಲ್ಲಿಂದ ಮುಂದೆ ಒಂದೊಂದೇ ಬಾಯಿಗೆ ಬಂತು. ಮೂರು ವರ್ಷದ ಹಿಂದೆ, ಅತ್ತೆಯ ಮಂಡಿ ನೋವಿನ ಕಾಲದಲ್ಲಿ, ಅವಳು ಒಂದು ದಿನ ಒಲೆಯ ಮೇಲಿಟ್ಟ ಹಾಲನ್ನು ಮರೆತು ಹಾಗೇ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಪಾತ್ರೆ ಸೀದು ಕರಕಲಾಗಿತ್ತು. ಅದಾದ ಮೇಲೆ ಅವಳು ಏನು ಬಿಟ್ಟರೂ ಇಬ್ಬರಿಗೂ ಅದು ಆಯಾಸದ ಮರೆವಾಗಿಯೇ ಕಾಣುತ್ತಿತ್ತು. ಅದಕ್ಕೂ ಮೊದಲು ಗಿಡ ಬೋಳಾದದ್ದನ್ನು ಇಬ್ಬರೂ ಗಮನಿಸಿದವರಲ್ಲ. ಆ ವರ್ಷ ಚಳಿ ಮುಗಿದು ಗಿಡ ಬೋಳಾಗಿ, ಬುಡ ಬಿರುಕು ಬಿಟ್ಟದ್ದನ್ನು ನೋಡಿದಾಗ ಅವನಿಗೆ ಕರುಳು ಚುರ್ರೆಂದಿತ್ತು. ತವರಿಂದ ತಂದ ಗಿಡ, ಕತ್ತರಿಸಿದಳು, ನೀರು ಹಾಕುವುದನ್ನೇ ಮರೆತಳು.

"ನೆನಪಿಸಿದ್ರೆ, ಇದೂ ಒಂದು ನನ್ನ ತಲೆ ಮೇಲೇನಾ ಅಂತ ನಿನಗೆ ಬೇಜಾರಾಗುತ್ತೆ ಅಂದ್ಕೊಂಡೆ" ಎಂದ ಅವನು. "ನಾನೇ ಹಾಕಿಬಿಟ್ರೆ ಗೊತ್ತೂ ಆಗಲ್ಲ, ಗಿಡಾನೂ ಉಳಿಯುತ್ತೆ ಅಂತ."

ಅತ್ತೆಯೂ ಅದನ್ನೇ ಅಂದುಕೊಂಡಿದ್ದಳು. ಅವಳಿಗೆ ಇನ್ನೂ ಒಂದು ಹೆಚ್ಚಿನ ಕಾರಣವಿತ್ತು. "ಕೂತು ತಿನ್ನೋಳು ಇದೊಂದಾದ್ರೂ ಮಾಡ್ಬೇಡ್ವಾ ನಾನು?"

ಅವಳು ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಸಿಟ್ಟು ಬಂದಷ್ಟೇ ಬೇಗ ಇಳಿದುಹೋಗಿತ್ತು. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರೆ. ಈ ಇಬ್ಬರು ಅವಳ ಮೇಲಿನ ಕನಿಕರವನ್ನೆಲ್ಲ ಬಕೆಟ್ಟಲ್ಲಿ ತುಂಬಿ ಗಿಡದ ಬುಡಕ್ಕೆ ಹೊಯ್ದಿದ್ದರು. ಅದರಲ್ಲಿ ಒಂದು ತೊಟ್ಟು ಅವಳ ಕಡೆ ಬಂದಿದ್ದರೂ ಆಗುತ್ತಿತ್ತು. ನೀರಲ್ಲ, ಮಾತು. ಅವಳಾದರೂ ಏನು ಹೇಳಿದ್ದಳು? ಅಮ್ಮನ ಮಾತನ್ನು ಬಾಯಿ ಬಿಟ್ಟು ಒಂದು ಸಲ ಹೇಳಿದ್ದರೆ ಸಾಕಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅತ್ತೆಗೆ ತಿಳಿಯಲಿಲ್ಲ.

"ಮರೆತಿದ್ದಲ್ಲ ಅತ್ತೆ" ಎಂದಳು. "ಅದು ಮಲಗಿರುತ್ತೆ. ಎಬ್ಬಿಸ್ಬಾರ್ದು. ನಮ್ಮಮ್ಮ ಹೇಳ್ತಿದ್ಲು. ಒಣಗೋಕೆ ಬಿಟ್ರೇನೇ ಅದು ಹೂ ಬಿಡೋದು."

ಗಂಡ ಒದ್ದೆ ಮಣ್ಣನ್ನು ನೋಡಿ ಕೇಳಿದ, "ಈಗೇನು ಮಾಡೋದು?"

"ಏನೂ ಮಾಡ್ಬಾರ್ದು."

ಆ ಮನೆಯಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಮಾಡು ಅಂದರೆ ಮೂವರೂ ಮೈಮುರಿದು ಮಾಡುವವರು. ಸುಮ್ಮನಿರು ಅಂದರೆ ಕೈಕಾಲು ಆಡದು. ಅವತ್ತೇ ಅವಳು ಮತ್ತೊಮ್ಮೆ ಕತ್ತರಿಸಿದಳು, ಗಂಡ ಎಲೆ ತರಿದ, ಅತ್ತೆ ಮೆಟ್ಟಿಲ ಮೇಲೆ ಕೂತು "ಅಯ್ಯೋ, ಅದನ್ನ ಬಿಡು, ಪಾಪ" ಅನ್ನುತ್ತಲೇ ಇದ್ದಳು. ಬುಡ ಅಗೆದು ಬೇರಿಗೆ ಬಿಸಿಲು ತಾಗುವಂತೆ ಮಾಡಿದರು. ಹೊತ್ತು ಮೀರಿತ್ತು. ಅಮ್ಮ ಚಳಿಯ ಕೊನೆಗೆ ಮಾಡುತ್ತಿದ್ದುದನ್ನು ಇವರು ಬಿಸಿಲು ಏರಿದ ಮೇಲೆ ಮಾಡುತ್ತಿದ್ದರು. ಕೊಡೆಯಮ್ಮ ಬರುವುದರೊಳಗೆ ಚಿಗುರಿ ಮೊಗ್ಗಾಗಬೇಕು. ಆಗುತ್ತದೆಂದು ಹೇಳುವ ಧೈರ್ಯ ಅವಳಿಗಿರಲಿಲ್ಲ.

ದಿನಗಳು ಸುಟ್ಟವು. ಗಿಡದಲ್ಲಿ ಬರೀ ಕಡ್ಡಿ. ಅತ್ತೆ ಅಕ್ಕಿ ತೊಳೆದ ನೀರನ್ನು ಹಿಡಿದುಕೊಂಡು ಬಾಗಿಲ ತನಕ ಹೋಗಿ ನಿಂತು, ನಿಟ್ಟುಸಿರು ಬಿಟ್ಟು, ಬಚ್ಚಲಿಗೆ ಸುರಿದು ಬರುತ್ತಿದ್ದಳು. ಗಂಡ ಮಧ್ಯಾಹ್ನ ಎದ್ದವನು ಖಾಲಿ ಕೈಯಲ್ಲಿ ಗಿಡದ ಮುಂದೆ ನಿಲ್ಲುತ್ತಿದ್ದ. ಸುಮ್ಮನೆ ನಿಲ್ಲಲಾರದೆ ಒಂದು ದಿನ ತನ್ನ ಅಮ್ಮನ ಹತ್ತಿರ ಕೂತು ಬೇಕರಿಯ ಕತೆ ಹೇಳಿದ. ಸಂಜೆ ಹೊರಡುವ ಮುಂಚೆ ಅವಳು ಬರುವ ತನಕ ಕಾದು, "ಇವತ್ತು ಹಾಕಿಲ್ಲ ಕಣೇ" ಎಂದು ವರದಿ ಒಪ್ಪಿಸುತ್ತಿದ್ದ. "ನಾನೂ ಹಾಕಿಲ್ಲ" ಎಂದು ಒಳಗಿನಿಂದ ಅತ್ತೆ. ಅವಳಿಗೆ ನಗು ಬರುತ್ತಿತ್ತು. ಆಯಾಸ ಹಾಗೇ ಇತ್ತು. ಭುಜ ಹಾಗೇ ನೋಯುತ್ತಿತ್ತು. ಆದರೂ ಬೀದಿಯ ತಿರುವಿನಲ್ಲೇ, ಈಗ ಹೋದರೆ ಇಬ್ಬರೂ ಇದನ್ನೇ ಹೇಳುತ್ತಾರೆ ಎಂದು ನೆನಪಾಗುತ್ತಿತ್ತು.

ಒಂದು ದಿನ ಕಡ್ಡಿಯ ಗಿಣ್ಣಿನಲ್ಲಿ ಹಸಿರು ಚುಕ್ಕೆಯೊಂದು ಕಂಡಿತು. ಅಂದು ಅವಳು ಗೊಬ್ಬರ ಕೊಟ್ಟು ಮೊದಲ ನೀರು ಹೊಯ್ದಳು. ಹೊಯ್ಯುವಾಗ ಇಬ್ಬರೂ ಬಂದು ನಿಂತರು. ಆಮೇಲೆ ಎಷ್ಟು ಬೇಕೋ ಅಷ್ಟೇ ನೀರು, ಅವಳ ಕೈಯಿಂದಲೇ. ಚಿಗುರು ಚಾಚಿತು. ಬೇಸಿಗೆಯ ಬಾಲ ಹಿಡಿದುಕೊಂಡು ಅಕ್ಕಿ ಕಾಳಿನಷ್ಟು ಮೊಗ್ಗುಗಳು ಬಂದವು.

ಆಕಾಶದಲ್ಲಿ ಮೋಡ ಕಾಣಿಸಿಕೊಂಡ ಒಂದು ದಿನ, ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿರುವಾಗಲೇ ಕೊಡೆಯಮ್ಮ ಬಂದಳು. ಹಿಂದೆ ಹಾರೆ ಹಿಡಿದ ಗಾರೆಯವನು. ಹೊತ್ತು ಇನ್ನೂ ಇಳಿದಿರಲಿಲ್ಲ. ಗಿಡದ ತುಂಬ ಮೊಗ್ಗೇನೋ ಇತ್ತು, ಎಲ್ಲ ಬಿಗಿಯಾಗಿ ಮುಚ್ಚಿಕೊಂಡು, ಎಲೆಗಳ ನಡುವೆ ಅಡಗಿಕೊಂಡಿದ್ದವು. ಕೊಡೆಯಮ್ಮ ಕನ್ನಡಕ ಸರಿ ಮಾಡಿಕೊಂಡು ನೋಡಿದಳು.

"ಎಲ್ಲಮ್ಮ ಹೂ? ನನ್ನ ಕಣ್ಣಿಗೆ ಸೊಪ್ಪೇ ಕಾಣ್ತಿದೆ."

ಉತ್ತರ ಕೊಟ್ಟದ್ದು ಅತ್ತೆ. "ಮಲ್ಲಿಗೆ ಅರಳೋದು ಸಂಜೆಗೆ. ಇಷ್ಟು ದೂರ ಬಂದಿದ್ದೀರಿ, ಕೂತ್ಕೊಳ್ಳಿ. ಕತ್ತಲಾಗೋ ಹೊತ್ತಿಗೂ ಅರಳದಿದ್ರೆ ನಾನೇ ಹಾರೆ ಹಿಡಿದು ಗಿಡ ಕಿತ್ತು ಕೊಡ್ತೀನಿ."

"ಆ ಮಂಡೀಲಿ?" ಎಂದಳು ಕೊಡೆಯಮ್ಮ. ಆದರೂ ಕುರ್ಚಿ ಎಳೆದುಕೊಂಡಳು. ಗಾರೆಯವನು ಹಾರೆಯನ್ನು ಗೋಡೆಗೊರಗಿಸಿ ಬೀಡಿ ಹಚ್ಚಿದ. ಗಂಡ ಬೇಕರಿಗೆ ಹೊರಡಲು ಅಂಗಿ ಹಾಕಿಕೊಂಡವನು ಹಾಗೇ ಮೆಟ್ಟಿಲ ಮೇಲೆ ಕೂತ. ಅವಳು ಅವನ ಪಕ್ಕದಲ್ಲಿ ಬಾಗಿಲ ಚೌಕಟ್ಟಿಗೆ ಒರಗಿ ಕೂತಳು.

ಮಾಡುವುದಕ್ಕೆ ಏನೂ ಇರಲಿಲ್ಲ. ಅತ್ತೆ ಮತ್ತು ಕೊಡೆಯಮ್ಮ ಮಂಡಿ ನೋವಿನ ಎಣ್ಣೆಗಳ ಬಗ್ಗೆ ಮಾತಿಗಿಳಿದರು. ಅವಳು ತುದಿಯ ಒಂದು ಮೊಗ್ಗಿನ ಮೇಲೆ ಕಣ್ಣು ನೆಟ್ಟಳು. ಅಮ್ಮನ ಮನೆಯಲ್ಲಿ ಹೀಗೇ ಕೂತು ನೋಡುತ್ತಿದ್ದಳು. ನೋಡುತ್ತಿರುವಾಗ ಅದು ಅರಳುವುದಿಲ್ಲ. ಒಂದು ಸಲ ಆಚೆ ನೋಡಿ ತಿರುಗಿದರೆ ಅರಳಿರುತ್ತದೆ. ಇದೊಂದನ್ನಾದರೂ ಇವತ್ತು ಬಿಡಬಾರದು ಎಂದುಕೊಂಡಳು. ಎಣ್ಣೆಯ ಮಾತು ದೂರವಾಗುತ್ತಾ ಹೋಯಿತು. ಒಂದೇ ಒಂದು ಗಳಿಗೆ ಕಣ್ಣು ಮುಚ್ಚಿದಳು.

ಮತ್ತೆ ಕಣ್ಣು ಬಿಟ್ಟಾಗ ಮೂಗಿಗೆ ಮೊದಲು ತಿಳಿಯಿತು. ಹಿತ್ತಲ ತುಂಬ ಮಲ್ಲಿಗೆಯ ವಾಸನೆ. ಅಡುಗೆಮನೆಯಲ್ಲಿ ದೀಪ ಹಚ್ಚಿದ್ದರು, ಅತ್ತೆ ಒಳಗೆ ಪಾತ್ರೆ ಆಡಿಸುತ್ತಿದ್ದಳು. ಕುರ್ಚಿ ಖಾಲಿ. ಗೋಡೆಯ ಹತ್ತಿರ ಹಾರೆ ಇರಲಿಲ್ಲ. ಅವಳು ಗಾಬರಿಯಿಂದ ಗಿಡದ ಕಡೆ ನೋಡಿದಳು. ಗಿಡ ಅಲ್ಲೇ ಇತ್ತು. ಅಲ್ಲೊಂದು ಇಲ್ಲೊಂದು ಬೆಳ್ಳಗೆ ಅರಳಿದ್ದವು.

"ಕೊಡೆಯಮ್ಮ ಎಲ್ಲಿ?"

"ಹೋದ್ರು. ಟ್ಯಾಂಕು ಬಚ್ಚಲ ಪಕ್ಕಕ್ಕೆ ಅಂತೆ" ಎಂದ ಗಂಡ, ತಲೆಯ ಮೇಲಿನಿಂದ. "ಕೊಡೆ ಬಿಡಿಸಿ ಉಲ್ಟಾ ಹಿಡಿದು, ಅರ್ಧಕ್ಕರ್ಧ ಹೂ ಅದರಲ್ಲೇ ತುಂಬ್ಕೊಂಡು ಹೋದ್ರು."

"ಅರಳೋದನ್ನ ನಾನು ನೋಡ್ಲೇ ಇಲ್ವಲ್ಲ. ಎಬ್ಬಿಸ್ಬಾರ್ದಿತ್ತಾ?"

"ಎಬ್ಬಿಸೋಕೆ ಹೋದೆ. ಅಮ್ಮ ಕೈ ಹಿಡಿದು ನಿಲ್ಲಿಸಿದ್ಲು. ಮಲಗಿದೆ, ಎಬ್ಬಿಸ್ಬೇಡ ಅಂದ್ಲು. ಆಮೇಲೆ ಯಾರೂ ಜೋರಾಗಿ ಮಾತಾಡ್ಲಿಲ್ಲ. ಆ ಗಾರೆಯವನು ಹಾರೆ ಸದ್ದಾಗ್ದಿರ್ಲಿ ಅಂತ ಎರಡೂ ಕೈಲಿ ಎತ್ಕೊಂಡು ಹೋದ, ಕೂಸು ಎತ್ಕೊಂಡ ಹಾಗೆ."

ಅವಳು ಇನ್ನೊಮ್ಮೆ ಗಿಡದ ಕಡೆ ನೋಡಿದಳು. ಆಮೇಲೆ ನೆನಪಾಗಿ, "ನೀವು ಬೇಕರಿಗೆ ಹೋಗ್ಲಿಲ್ವಾ? ಹೊತ್ತಾಗ್ಲಿಲ್ವಾ?" ಎಂದಳು.

"ಹೇಗೆ ಹೋಗ್ಲಿ?" ಎಂದ ಅವನು. "ನಿನ್ನ ತಲೆ ನನ್ನ ಕಾಲ ಮೇಲಿತ್ತಲ್ಲ. ಬರೋದು ತಡ ಆಗುತ್ತೆ ಅಂತ ಗಾರೆಯವನ ಹತ್ರಾನೇ ಹೇಳಿ ಕಳಿಸಿದ್ದೀನಿ."

ಆಗಲೇ ಅವಳಿಗೆ ಗೊತ್ತಾದದ್ದು, ತಲೆ ಇನ್ನೂ ಅಲ್ಲೇ ಇದೆಯೆಂದು. ಏಳಲು ಹೋದಳು.

"ಇರು, ಈಗಲೇ ಏಳ್ಬೇಡ" ಎಂದ ಅವನು. "ಕಾಲು ಪೂರ್ತಿ ಜೋಮು ಹಿಡಿದಿದೆ. ನೀನು ಎದ್ರೂ ನನಗೆ ಏಳೋಕಾಗಲ್ಲ."

ಅವಳು ಮತ್ತೆ ತಲೆ ಇಟ್ಟಳು.